ಮುಖಪುಟ ಕತ್ತರಿಸಬ್ಯಾಡ್ರಿ: ಹಳೇ ಮ್ಯಾಗಜಿನ್ ಕೂಡಿಡೋರಿಗೆ ಬಳ್ಳಾರಿ ಕಡೆಯಿಂದ ಒಂದಿಷ್ಟು

ಮೊದ್ಲ ಒಂದು ಮಾತು ಹೇಳಿಬಿಡ್ತೀನಿ, ಮುಂದಿಂದು ಓದದಿದ್ರೂ ಅಡ್ಡಿಯಿಲ್ಲ. ಚಿತ್ರ ಚಂದ ಐತಿ ಅಂತ ಹಳೇ ಚಂದಮಾಮದ ಮುಖಪುಟ ಕತ್ತರಿಸಿ ಫ್ರೇಮ್ ಹಾಕ್ಸಬ್ಯಾಡ್ರಿ, ಲ್ಯಾಮಿನೇಷನ್ ಅಂತೂ ಬ್ಯಾಡೇ ಬ್ಯಾಡ. ನಾನು ಮಾಡೀನಿ, ಅದಕ್ಕ ಹೇಳ್ತೀನಿ. ಕಾಲೇಜಿನಾಗಿದ್ದಾಗ ಸೋದರಮಾವನ ಮನ್ಯಾಗ ಒಂದು ಸಂಚಿಕೆ ಸಿಕ್ಕಿತ್ತು, ಮುಖಪುಟದ ಮ್ಯಾಲೆ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರ, ಕಿರೀಟದಾಗಿನ ಹರಳು ಒಂದೊಂದಾಗಿ ಎಣಿಸಬಹುದು ಅಂಥಾದ್ದು. ಬ್ಲೇಡ್ ತಗೊಂಡು ನೀಟಾಗಿ ಕತ್ತರಿಸಿದೆ, ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿದೆ, ಉಳಿದ ಪುಸ್ತಕ ತಂಗಿ ಕೈಗೆ ಕೊಟ್ಟೆ, ಅಲ್ಲಿಗೆ ಅದರ ಕತಿ ಮುಗೀತು. ಎರಡು ಬ್ಯಾಸಿಗಿ ಕಳೆಯೋದ್ರಾಗ ಪ್ಲಾಸ್ಟಿಕ್ ಗುಳ್ಳೆ ಎದ್ದು ಅಂಚು ಬಾಯಿ ಬಿಡ್ತು, ಬಿಚ್ಚಾಕ ಹೋದ್ರ ಬಣ್ಣ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂತು. ಅದಕ್ಕಿಂತ ಹೊಟ್ಟಿ ಉರಿಯೋದು ಏನಂದ್ರ, ಅದು ಯಾವ ವರ್ಷದ ಯಾವ ತಿಂಗಳಿಂದು ಅಂತ ಇವತ್ತಿಗೂ ನನಗ ಗೊತ್ತಿಲ್ಲ, ಯಾಕಂದ್ರ ಆ ಗುರುತೆಲ್ಲ ಒಳಗಿನ ಹಾಳ್ಯಾಗ ಇತ್ತು.

ಹಂಗಾಗಿ ಕೂಡಿಡೋದಾದ್ರ ಇಡೀ ಸಂಚಿಕೆ ಕೂಡಿಡ್ರಿ.

ಏನು ಕೂಡಸ್ಬೇಕು

ಸಿಕ್ಕದ್ದೆಲ್ಲ ಕೂಡಸ್ತೀನಿ ಅಂತ ಹೊಂಟವರು ಎರಡು ವರ್ಷಕ್ಕ ಸುಸ್ತಾಗಿ, ಮನ್ಯಾಗ ಬೈಸಿಕೊಂಡು, ಕಡೀಗೆ ಗಂಟು ಕಟ್ಟಿ ರದ್ದಿಗೇ ಹಾಕಿದ್ದು ನೋಡೀನಿ. ಒಂದು ಎಳಿ ಹಿಡೀರಿ. ಒಬ್ಬ ಕಲಾವಿದ, ಇಲ್ಲಾ ಒಂದು ಪತ್ರಿಕೆಯ ಒಂದು ಹತ್ತು ವರ್ಷ, ಇಲ್ಲಾ ಬರೀ ದೀಪಾವಳಿ ವಿಶೇಷಾಂಕ. ನನ್ನ ಎಳಿ ಚಂದಮಾಮ, ಅದರಾಗೂ ಆಣೆ ಲೆಕ್ಕದ ಕಾಲದ್ದು ಮತ್ತ ಅದರ ಹಿಂದಮುಂದಿನ ಕೆಲವು ವರ್ಷದ್ದು ಅಷ್ಟೆ.

ಚಂದಮಾಮ 1947ರ ಜುಲೈನಾಗ ಮದ್ರಾಸಿನಾಗ ಶುರುವಾತು, ಬಿ. ನಾಗಿರೆಡ್ಡಿ ಮತ್ತ ಚಕ್ರಪಾಣಿ ಅವರಿಬ್ಬರ ಕೂಸು, ಮೊದಲು ತೆಲುಗು ತಮಿಳು, ಆಮ್ಯಾಲೆ ಕನ್ನಡ ಹಿಂದಿ ಹಿಂಗ ಬೆಳಕೋತ ಹೋತು. ಮುಖಪುಟ ಬರೆದವರ ಪೈಕಿ ಹೆಸರು ನೆನಪಿಡಬೇಕಾದ್ದು ಎರಡು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ, ಮಹಾಭಾರತದ ಮುಖಪುಟಗಳು ಅಂದ್ರ ಅವರೇ. ಇನ್ನೊಬ್ಬರು ಶ್ರೀಕಾಕುಳಂ ಕಡೆಯ ವಡ್ಡಾದಿ ಪಾಪಯ್ಯ, 1921ರಾಗ ಹುಟ್ಟಿ 1992ರಾಗ ಹೋದವರು, ಚಿತ್ರದ ಮೂಲ್ಯಾಗ ತೆಲುಗು ಅಕ್ಷರದಾಗ "ವಪಾ" ಅಂತ ಸಣ್ಣ ಸಹಿ ಇರ್ತೈತಿ. ಅವರ ಕೆಂಪು, ಹಳದಿ, ಆ ಅರಿಶಿಣ ಹಚ್ಚಿದ ಮುಖ ಒಮ್ಮೆ ಕಣ್ಣಿಗೆ ಕುಂತ್ರ ಸಹಿ ಹುಡುಕೋದೇ ಬ್ಯಾಡ, ಹತ್ತು ಅಡಿ ದೂರದಿಂದ ಹೇಳಬಹುದು. ಒಳಗಿನ ಚಿತ್ರದಾಗ ಚಿತ್ರಾ ಅನ್ನೋರು, ಆಮ್ಯಾಲೆ ಶಂಕರ್. ಬೇತಾಳನ ಹೆಣ ಹೆಗಲಿಗೆ ಹಾಕ್ಕೊಂಡು ಕತ್ತಿ ಹಿಡಿದು ನಡಿಯೋ ವಿಕ್ರಮನ ಚಿತ್ರ ಬರೆದವರು ಇದೇ ಶಂಕರ್, 2020ರಾಗ ತೀರಿಕೊಂಡ್ರು.

ಚಂದಮಾಮ ಬ್ಯಾಡ ಅನ್ನೋರಿಗೆ ಬ್ಯಾರೆ ದಾರಿ ಬೇಕಾದಷ್ಟು ಅದಾವ. ನಗಿ ಪತ್ರಿಕೆ ಕೊರವಂಜಿ, 1942ರಿಂದ 1967ರವರೆಗೆ ಬಂತು, ಆರ್.ಕೆ. ಲಕ್ಷ್ಮಣ್ ಇನ್ನೂ ಮೈಸೂರಿನಾಗ ಹುಡುಗ ಆಗಿದ್ದಾಗ ಅದಕ್ಕ ಗೆರಿ ಎಳೆದವರು. ನಮ್ಮ ಕಡೆ ಅದು ಸಿಗೋದು ಭಾಳ ಕಮ್ಮಿ, ನನಗ ಇಲ್ಲಿತನಕ ಎರಡೇ ಸಿಕ್ಕಾವ, ಒಂದಕ್ಕ ಬೆನ್ನಿಲ್ಲ. ಹುಬ್ಬಳ್ಳಿಯಿಂದ 1956ರಾಗ ಶುರುವಾದ ಕಸ್ತೂರಿ ಮಾತ್ರ ಕೊಪ್ಪಳ, ಗಂಗಾವತಿ ಕಡೆ ಮೇಷ್ಟ್ರು ಇದ್ದ ಮನಿ ಅಂದ್ರ ಕಟ್ಟು ಕಟ್ಟು ಇರ್ತಾವ. ಸುಧಾ 1965ರಿಂದ, ಮಯೂರ 1968ರಿಂದ. ಸುಧಾದಾಗ ಫೋಟೋ ಮುಖಪುಟ ಜಾಸ್ತಿ, ಕೈಚಿತ್ರ ಬೇಕಂದ್ರ ವಿಶೇಷಾಂಕ ಮತ್ತ ಒಳಗಿನ ಕತಿ ಪುಟ ನೋಡ್ರಿ, ಚಂದ್ರನಾಥ ಆಚಾರ್ಯರಂಥವರ ಕೆಲಸ ಅಲ್ಲೈತಿ. ಇಂದ್ರಜಾಲ ಕಾಮಿಕ್ಸ್ 1964ರಾಗ ಶುರುವಾದದ್ದು, ಕನ್ನಡದಾಗೂ ಬಂತು, ಆದ್ರ ಅದಕ್ಕ ಈಗ ಊರೆಲ್ಲ ಗಿರಾಕಿ, ರೇಟು ಕೇಳಿದ್ರ ತಲಿ ಗಿರ್ ಅಂತೈತಿ, ನಾನು ಆ ಕಡೆ ಹೋಗಿಲ್ಲ.

ಇನ್ನೊಂದು, ಕಲಬುರಗಿಯ ಎಸ್.ಎಂ. ಪಂಡಿತರು ಗೊತ್ತಲ್ಲ, ದೇವರ ಕ್ಯಾಲೆಂಡರ್ ಬರೆದವರು. ಅವರು ಮುಂಬೈನಾಗ ಬಾಬುರಾವ್ ಪಟೇಲರ ಸಿನಿಮಾ ಪತ್ರಿಕೆ ಫಿಲ್ಮ್‌ಇಂಡಿಯಾಕ್ಕ ಮುಖಪುಟ ಬರದಾರ. ರಾಯಚೂರು ಮುಂಬೈ-ಮದ್ರಾಸ್ ರೈಲು ಲೈನಿನ ಮ್ಯಾಲೆ ಐತಿ, ಹಂಗಾಗಿ ರಾಯಚೂರಿನ ಹಳೇ ಮನ್ಯಾಗ ಫಿಲ್ಮ್‌ಇಂಡಿಯಾ ಸಿಕ್ಕರೂ ಸಿಗಬಹುದು ಅಂತ ನನ್ನ ಆಸೆ. ಸಿಕ್ಕಿಲ್ಲ ಇನ್ನೂ.

ನಮ್ಮ ಕಡೆ ಎಲ್ಲಿ ಸಿಗ್ತಾವ

ಬೆಂಗಳೂರಿನವರು ಹಳೇ ಪುಸ್ತಕಕ್ಕ ಅವೆನ್ಯೂ ರೋಡ್ ಅಂತಾರ, ನಮಗ ಅದಿಲ್ಲ. ಆದ್ರ ನಮಗಿರೋದು ಅವರಿಗಿಲ್ಲ, ಅದನ್ನ ತಿಳ್ಕೊಂಡ್ರ ಅರ್ಧ ಕೆಲಸ ಆದಂಗ. ಬಳ್ಳಾರಿ ಮದ್ರಾಸಿನವರ ಕೈಯಾಗಿತ್ತು, 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಬಂತು. ರಾಯಚೂರು ಕೊಪ್ಪಳ ನಿಜಾಮನ ಹೈದರಾಬಾದಿನಾಗಿದ್ದು 1956ರಾಗ ಬಂದ್ವು. ಅಂದ್ರ ಬಳ್ಳಾರಿಯ ಹಳೇ ವಕೀಲರ ಮನಿ ಟ್ರಂಕ್ ತೆಗೆದ್ರ ಮದ್ರಾಸಿನ ತೆಲುಗು ಇಂಗ್ಲಿಷ್ ಪತ್ರಿಕೆ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಿನ ಮನ್ಯಾಗ ಉರ್ದುವಿನ ಶಮಾ, ಮಕ್ಕಳ ಖಿಲೌನಾ, ಕೊಪ್ಪಳದಾಗ ಹುಬ್ಬಳ್ಳಿ ಧಾರವಾಡದ್ದು. ಮುನಿರಾಬಾದ್ ಮತ್ತ ಟಿ.ಬಿ. ಡ್ಯಾಂ, ಅಂದ್ರ ತುಂಗಭದ್ರಾ ಡ್ಯಾಂ ಕಡೆ ಡ್ಯಾಂ ಕಟ್ಟಾಕ ಬಂದ ಇಂಜಿನಿಯರ್‌ಗಳು ಎರಡೂ ಕಡೆಯವರು, ಮದ್ರಾಸಿನವರು ಒಂದು ದಂಡಿ, ಹೈದರಾಬಾದಿನವರು ಒಂದು ದಂಡಿ, ಅಲ್ಲಿ ಏನು ಬೇಕಾದ್ರೂ ಸಿಗಬಹುದು.

ಆಮ್ಯಾಲೆ ಕ್ಯಾಂಪು. ಕಾಲುವಿ ನೀರು ಬಂದ ಮ್ಯಾಲೆ ಆಂಧ್ರದಿಂದ ಬಂದು ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ಸುತ್ತ ಭತ್ತದ ಗದ್ದಿ ಮಾಡಿಕೊಂಡು ಕುಂತವರ ಕ್ಯಾಂಪುಗಳು. ಅವರು ಬರೋವಾಗ ಪಾತ್ರಿ ಪಗಡಿ ಜೊತಿ ತೆಲುಗು ಚಂದಮಾಮ, ಚಕ್ರಪಾಣಿಯವರದೇ ಆದ ಯುವ ಪತ್ರಿಕೆಯ ದೀಪಾವಳಿ ಸಂಚಿಕೆ ಎಲ್ಲಾ ತಂದಾರ. ಯುವದಾಗ ವಪಾ ಬರೆದ ಬಣ್ಣದ ಚಿತ್ರ ಇರ್ತಾವ, ಅದಕ್ಕಿಂತ ಚಂದಂದು ನಾನು ನೋಡಿಲ್ಲ. ತೆಲುಗು ಓದಾಕ ಬರದಿದ್ರೂ ತಗೋರಿ, ಯಾಕಂದ್ರ ಚಂದಮಾಮ ಎಲ್ಲಾ ಭಾಷಿಗೂ ಸಾಮಾನ್ಯವಾಗಿ ಒಂದೇ ಮುಖಪುಟ. ನಿಮ್ಮ ಕನ್ನಡ ಸಂಚಿಕೆಗೆ ಮುಖಪುಟ ಇಲ್ಲಂದ್ರ ಅದೇ ಕಾಲದ ತೆಲುಗುದು ನೋಡಿ ಯಾವುದಿತ್ತು ಅಂತ ಹೇಳಬಹುದು. ಬಳ್ಳಾರ್ಯಾಗ ಹುಟ್ಟಿದವರಿಗೆ ತೆಲುಗು ಹೆಂಗೂ ಅರ್ಧ ಬರ್ತೈತಿ ಬಿಡ್ರಿ.

ಈಗ ರದ್ದಿ ಅಂಗಡಿ. ಬಳ್ಳಾರಿ ಕೌಲ್ ಬಜಾರಿನಾಗ ನಾನು ಕಾಯಂ ಹೋಗೋ ಒಂದು ಅಂಗಡಿ ಐತಿ, ಮುಂದ ತಕ್ಕಡಿ, ಹಿಂದ ಕತ್ತಲಿ. ರದ್ದಿಯವರು ಮಾಲು ಬಂದ ಕೂಡ್ಲೆ ಬ್ಯಾರೆ ಬ್ಯಾರೆ ಮಾಡ್ತಾರ, ನ್ಯೂಸ್ ಪೇಪರ್ ಒಂದು ಕಡೆ, ಬುಕ್ಕು ಒಂದು ಕಡೆ, ರಟ್ಟು ಒಂದು ಕಡೆ. ಪೇಪರಿಗೆ ರೇಟು ಜಾಸ್ತಿ, ಅಂಗಡಿಯವರು ಪೊಟ್ಟಣ ಕಟ್ಟಾಕ ಒಯ್ತಾರ, ಬುಕ್ಕಿಗೆ ಕಮ್ಮಿ. ನಿಮ್ಮ ಮಾಲು ಬುಕ್ಕಿನ ಗುಡ್ಡಿಯಾಗ ಇರ್ತೈತಿ. ಆ ಗುಡ್ಡಿ ಲಾರಿ ಹತ್ತೋ ಮೊದ್ಲ ಹೋಗಬೇಕು, ಅದು ಯಾವ ದಿನ ಅಂತ ಕೇಳಿ ಇಟ್ಕೋರಿ, ಇಡೀ ವ್ಯವಹಾರದಾಗ ಇದೇ ಮುಖ್ಯ. ನಾನು ಮೊದಲ ಸಲ ಹೋದಾಗ ಬುದ್ಧಿವಂತಿಕಿ ಮಾಡಾಕ ಹೋಗಿ, ಯಾವುದೋ ಗೈಡು ಹುಡುಕೋರಂಗ ನಾಟಕ ಮಾಡಿ, ನಡುವ ಮೂರು ಚಂದಮಾಮ ಸೇರಿಸಿ ತಕ್ಕಡಿಗೆ ಇಟ್ಟೆ. ಭಾಯ್ ನೋಡಿದ, ನಕ್ಕ. "ಸಾರ್, ಆ ಗೈಡು ಈ ವರ್ಷದ ಸಿಲಬಸ್ ಅಲ್ಲ, ಅದನ್ನ ಇಲ್ಲೇ ಬಿಡ್ರಿ, ಚಂದಮಾಮದ ರೊಕ್ಕ ಕೊಡ್ರಿ ಸಾಕು" ಅಂದ. ಆವತ್ತಿಂದ ನೇರ ಕೇಳ್ತೀನಿ, "ಭಾಯ್, ಚಿತ್ರದ ಹಳೇ ಬುಕ್ಕು ಏನರ ಬಂದಾವೇನು", ಅವನೂ ಎತ್ತಿಟ್ಟಿರ್ತಾನ, ತೂಕದ ರೇಟಿಗಿಂತ ಒಂದಿಷ್ಟು ಜಾಸ್ತಿ ಕೊಡ್ತೀನಿ, ಇಬ್ಬರಿಗೂ ನೆಮ್ಮದಿ. ಚೌಕಾಶಿ ಮಾಡ್ರಿ, ಆದ್ರ ಎತ್ತಿಟ್ಟವನ ಜೊತಿ ಭಾಳ ಜಗ್ಗಬ್ಯಾಡ್ರಿ, ಮುಂದಿನ ಸಲ ಎತ್ತಿಡೋದಿಲ್ಲ. ಮತ್ತ ಎತ್ತಿಡುವಾಗ ಸುತ್ಲಿ ಬಿಗಿ ಕಟ್ಟಬ್ಯಾಡ ಅಂತ ಹೇಳ್ರಿ, ಆ ದಾರ ಮ್ಯಾಲಿನ ಮತ್ತ ಕೆಳಗಿನ ಪುಸ್ತಕದ ಅಂಚು ಕೊಯ್ದಿರ್ತೈತಿ, ಚಂದದ್ದೇ ಮ್ಯಾಲೆ ಇರ್ತೈತಿ ಯಾವಾಗ್ಲೂ.

ಮನಿಗಳಿಂದ ಸಿಗೋದು ಎಲ್ಲಾದಕ್ಕಿಂತ ಚಲೋ ಸ್ಥಿತಿಯಾಗಿರ್ತಾವ, ಆದ್ರ ಅದಕ್ಕ ಸಮಾಧಾನ ಬೇಕು. ಹಳೇ ಮಾಳಿಗಿ ಮನಿ ಕೆಡವಿ ಆರ್‌ಸಿಸಿ ಹಾಕ್ಸಾಕ ಹತ್ಯಾರ ಅಂತ ಸುದ್ದಿ ಬಂದ್ರ ಹೋಗಿ ಮಾತಾಡ್ಸಿರಿ, ಅಟ್ಟದ ಮ್ಯಾಲಿಂದು ಕೆಳಗ ಬರೋದು ಆವಾಗೇ. ಹಿರಿಯರಿದ್ರ "ಅಜ್ಜಾರ, ನೀವು ಸಣ್ಣವರಿದ್ದಾಗ ಏನು ಓದ್ತಿದ್ರಿ" ಅಂತ ಶುರು ಮಾಡ್ರಿ, ರೊಕ್ಕದ ಮಾತು ಮೊದ್ಲ ತೆಗೀಬ್ಯಾಡ್ರಿ. ಮೊದ್ಲ ತೆಗೆದ್ರ ಎರಡರಾಗ ಒಂದು ಆಕ್ಕೈತಿ, ಇಲ್ಲಾ ಅಜ್ಜಾರಿಗೆ ಬ್ಯಾಸರ ಆಗಿ ಟ್ರಂಕ್ ಮುಚ್ತಾರ, ಇಲ್ಲಾ ಮೊಮ್ಮಗ ಮೊಬೈಲ್ ತೆಗೆದು ರೇಟು ನೋಡಿ "ಇದು ಹತ್ತು ಸಾವಿರ" ಅಂತಾನ. ಆನ್‌ಲೈನ್‌ನಾಗ ಯಾರೋ ಹತ್ತು ಸಾವಿರ ಹಾಕಿದ್ರ ಅದು ಕೇಳಿದ ರೇಟು, ಮಾರಿದ ರೇಟಲ್ಲ, ಇದು ನೀವೂ ತಲ್ಯಾಗ ಇಟ್ಕೋರಿ. ಕೊಡಾಕ ಮನಸಿಲ್ಲದವರ ಹತ್ರ ಕಿಟಕಿ ಬೆಳಕಿನಾಗ ಮೊಬೈಲ್‌ನಾಗ ಫೋಟೋ ಹೊಡ್ಕೋತೀನಿ ಅಂತ ಕೇಳ್ರಿ, ಫ್ಲ್ಯಾಶ್ ಬ್ಯಾಡ, ಬೆನ್ನು ಒತ್ತಿ ಅಗಲಿಸಬ್ಯಾಡ್ರಿ. ನನಗ ಕೊಡಲ್ಲ ಅಂದ ಒಬ್ಬ ನಿವೃತ್ತ ಮೇಷ್ಟ್ರು ಒಂದು ವರ್ಷ ಆದ ಮ್ಯಾಲೆ ತಾವೇ ಫೋನ್ ಮಾಡಿ ಕರೆದು ಕೊಟ್ರು.

ಬೈಂಡ್ ಮಾಡಿಸಿದ ವಾಲ್ಯೂಮ್ ಸಿಕ್ಕರ ಖುಷಿ ಪಡೋ ಮೊದ್ಲ ಬಿಚ್ಚಿ ನೋಡ್ರಿ. ಬೈಂಡರ್‌ಗಳು ಮೂರೂ ಕಡೆ ಕಟಿಂಗ್ ಹೊಡಿತಾರ, ಅಂಚು ಸಮ ಬರಲಿ ಅಂತ, ಅದರಾಗ ಚಿತ್ರದ ಮೂಲಿ, ಮೂಲ್ಯಾಗಿನ ಸಹಿ ಎರಡೂ ಹೋಗಿರ್ತಾವ. ಸುಮಾರು ಬೈಂಡರ್‌ಗಳು ಮುಖಪುಟ ಎಲ್ಲಾ ಕಿತ್ತು ಬಿಸಾಕಿ ಒಳಗಿನ ಧಾರಾವಾಹಿ ಅಷ್ಟೇ ಹೊಲೀತಾರ, ಓದೋರಿಗೆ ಅದೇ ಬೇಕಾಗಿತ್ತು, ಅವರದೇನು ತಪ್ಪು.

ತಾರೀಖು ಹಿಡಿಯೋದು

ಮುಖಪುಟ ಇಲ್ಲ, ಮೊದಲ ಪುಟ ಇಲ್ಲ, ಅಂಥಾ ಸಂಚಿಕೆ ಕೈಗೆ ಬಂದ್ರ ಯಾವ ಕಾಲದ್ದು ಅಂತ ಹೆಂಗ ಹೇಳೋದು? ನನಗ ಇಡೀ ಹವ್ಯಾಸದಾಗ ಎಲ್ಲಾದಕ್ಕಿಂತ ಮಜಾ ಕೊಡೋದು ಇದು, ಅದಕ್ಕ ಸ್ವಲ್ಪ ಉದ್ದ ಹೇಳ್ತೀನಿ.

ಮೊದಲು ಬೆಲಿ ನೋಡ್ರಿ, ಜಾಹೀರಾತಿನಾಗಿನ ಬೆಲಿ ಆದ್ರೂ ನಡಿತೈತಿ. ಆಣೆ ಲೆಕ್ಕ ಇದ್ರ ಅದು 1957ರ ಏಪ್ರಿಲ್‌ಗಿಂತ ಹಿಂದಿಂದು, ಇಲ್ಲಾ ಬದಲಾವಣಿ ನಡೆದ ಹೊಸದ್ರಾಗಿಂದು, ಯಾಕಂದ್ರ ಆ ತಿಂಗಳು 1ನೇ ತಾರೀಖಿಗೆ ದಶಮಾಂಶದ ನಾಣ್ಯ ಬಂತು. "ನಯಾ ಪೈಸೆ" ಅಂತ ಇದ್ರ 1957ರಿಂದ 1964ರ ನಡುವಿಂದು, 1964ರ ಜೂನ್‌ನಾಗ ನಯಾ ಅನ್ನೋದು ಬಿಟ್ಟು ಬರೀ ಪೈಸೆ ಮಾಡಿದ್ರು. ಮುಂದ ವಿಳಾಸ. ಆರು ಅಂಕಿಯ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕ. ಚಂದಮಾಮದ ವಿಳಾಸ ವಡಪಳನಿ, "ಮದ್ರಾಸ್-26" ಅಂತ ಇದ್ರ ಹಳೇದು ಅನ್ನಬಹುದು, "600 026" ಅಂತ ಪೂರ್ತಿ ಇದ್ರ ಖಂಡಿತ 1972ರ ಈಚಿಂದು. ಹಳೇ ರೂಢಿ ಕೆಲವರು ಲಗೂನ ಬಿಡಲಿಲ್ಲ, ಹಂಗಾಗಿ ಬರೀ 26 ಇದ್ದ ಮಾತ್ರಕ್ಕ 1972ರ ಹಿಂದಿಂದೇ ಅಂತ ಬೆಟ್ ಕಟ್ಟಬ್ಯಾಡ್ರಿ. ಚೆನ್ನೈ ಅಂತ ಇದ್ರ 1996ರ ಈಚಿಂದು. ಬೆಂಗಳೂರಿನ ಪತ್ರಿಕೆಯಾಗ "ಮೈಸೂರು ರಾಜ್ಯ" ಅಂತ ಇದ್ರ 1973ರ ನವೆಂಬರ್‌ಗಿಂತ ಮೊದ್ಲಿಂದು.

ಇನ್ನೊಂದು ಗುಟ್ಟು, ಇದನ್ನ ನನಗ ಹೇಳಿಕೊಟ್ಟವರು ಒಬ್ಬ ಹಳೇ ಪೇಪರ್ ಏಜೆಂಟರು. ಪತ್ರಿಕೆ ನಡೆಸೋರು ವರ್ಷಕ್ಕೊಮ್ಮೆ ಮಾಲಕರು ಯಾರು, ಮುದ್ರಕರು ಯಾರು, ಸಂಪಾದಕರು ಯಾರು ಅಂತ ಒಂದು ಹೇಳಿಕೆ ಹಾಕಲೇಬೇಕಿತ್ತು, ನಮೂನೆ 4 ಅಂತಾರ ಅದಕ್ಕ, ಫೆಬ್ರವರಿ ಮುಗಿದ ಮ್ಯಾಲೆ ಬರೋ ಮೊದಲ ಸಂಚಿಕೆಯಾಗ. 1956ರಾಗ ಬಂದ ನಿಯಮ ಅದು. ಸಣ್ಣ ಅಕ್ಷರದಾಗ ಯಾರೂ ಓದದ ಮೂಲ್ಯಾಗ ಇರ್ತೈತಿ, ಕೆಳಗ ತಾರೀಖು ಇರ್ತೈತಿ, ವರ್ಷ ಸಮೇತ. ಅದು ಸಿಕ್ಕರ ಸಂಚಿಕೆ ಸಾಮಾನ್ಯವಾಗಿ ಮಾರ್ಚ್‌ದು. ಒಮ್ಮೆ ನನ್ನ ಹತ್ರ ಐದು ವರ್ಷದಿಂದ "ಗೊತ್ತಿಲ್ಲ" ಅನ್ನೋ ಚೀಟಿ ಹಚ್ಚಿಕೊಂಡು ಕುಂತಿದ್ದ ಒಂದು ಸಂಚಿಕೆ ಇತ್ತು, ಏಜೆಂಟರು ಹೇಳಿದ ದಿನ ರಾತ್ರಿ ಊಟಾನೂ ಬಿಟ್ಟು ತೆಗೆದು ನೋಡಿದೆ, ಕೊನೇ ಪುಟದ ಕೆಳಗ ಇರುವಿ ಸಾಲಿನಂಗ ಕುಂತಿತ್ತು, ತಾರೀಖು ವರ್ಷ ಎಲ್ಲಾ.

ಚಂದಮಾಮದಾಗ ಆದ್ರ ಫೋಟೋಕ್ಕ ಶೀರ್ಷಿಕೆ ಬರೆಯೋ ಸ್ಪರ್ಧೆ ಇರ್ತಿತ್ತು ಕೊನೇಗೆ, ಉತ್ತರ ಇಂಥಾ ತಾರೀಖಿನೊಳಗ ಮುಟ್ಟಬೇಕು, ಇಂಥಾ ತಿಂಗಳ ಸಂಚಿಕೆಯಾಗ ಫಲಿತಾಂಶ ಅಂತ ಬರೆದಿರ್ತಾರ. ವರ್ಷ ಸಿಗದಿದ್ರೂ ತಿಂಗಳು ಸಿಗ್ತೈತಿ. ಸಿನಿಮಾ ಜಾಹೀರಾತು ಇದ್ರ ಆ ಸಿನಿಮಾ ಬಿಡುಗಡೆ ಆದ ವರ್ಷ ನೋಡಿ ಹೊಂದಿಸ್ರಿ. ಬೆಲಿ, ವಿಳಾಸ, ಸ್ಪರ್ಧೆ ಮೂರೂ ಕೂಡಿಸಿದ್ರ ಸುಮಾರು ಸಲ ಕೈಗೆ ಸಿಕ್ಕೇಬಿಡ್ತೈತಿ. ಆಮ್ಯಾಲೆ ಆನ್‌ಲೈನ್‌ನಾಗಿರೋ ಸ್ಕ್ಯಾನ್ ಪ್ರತಿ ಜೊತಿ ತಾಳಿ ಹಾಕಿ ನೋಡಬಹುದು, ಆದ್ರ ಮೊದ್ಲೇ ಅಲ್ಲಿಗೆ ಓಡಬ್ಯಾಡ್ರಿ, ಮಜಾ ಹೋಗ್ತೈತಿ.

ಅಸಲಿ ಯಾವುದು, ಕಲರ್ ಝೆರಾಕ್ಸ್ ಯಾವುದು

ರದ್ದಿಯಾಗ ಯಾರೂ ನಕಲಿ ಇಡೋದಿಲ್ಲ, ಈ ತಾಪತ್ರಯ ಆನ್‌ಲೈನ್‌ನಾಗ ತಗೊಳ್ಳೋರಿಗೆ. ಒಂದು ಭೂತಗನ್ನಡಿ ಇಟ್ಕೋರಿ, ವಾಚ್ ರಿಪೇರಿಯವರು ಕಣ್ಣಿಗೆ ಹಚ್ಕೋತಾರಲ್ಲ ಅದಾದ್ರ ಇನ್ನೂ ಚಲೋ. ಅಸಲಿ ಮುದ್ರಣದಾಗ ನಾಕು ಬಣ್ಣದ ಚುಕ್ಕಿ ಸಾಲಾಗಿ, ಸಣ್ಣ ಸಣ್ಣ ಹೂವಿನಂಗ ಜೋಡಿಸಿಕೊಂಡು ಕಾಣ್ತಾವ. ಕಂಪ್ಯೂಟರಿನ ಇಂಕ್‌ಜೆಟ್ ಪ್ರಿಂಟ್ ಆದ್ರ ಚುಕ್ಕಿ ರಂಗೋಲಿ ಪುಡಿ ಚೆಲ್ಲಿದಂಗ ಅಡ್ಡಾದಿಡ್ಡಿ ಇರ್ತಾವ. ಒಳಗಿನ ಪುಟದ ಅಕ್ಷರ ಮೊಳೆ ಜೋಡಿಸಿ ಒತ್ತಿದ್ದಾದ್ರ ಹಿಂದಿನ ಕಡೆ ಬೆರಳಾಡಿಸಿದ್ರ ಉಬ್ಬು ಸಿಗ್ತೈತಿ, ಝೆರಾಕ್ಸ್‌ನಾಗ ಅದು ಬರೋದಿಲ್ಲ. ಪಿನ್ನು ನೋಡ್ರಿ, ಹಳೇ ಪಿನ್ನು ತುಕ್ಕು ಹಿಡಿದಿರ್ತೈತಿ, ಆ ತುಕ್ಕಿನ ಕಲೆ ಹಾಳಿಯೊಳಗ ಇಳಿದಿರಬೇಕು. ಪಿನ್ನು ಪಳಪಳ ಹೊಳಿತಿದ್ರ ಮತ್ತ ಹಾಳಿ ಹಳದಿ ಇದ್ರ ಯಾರೋ ಮುಖಪುಟ ಒಂದರದು, ಒಳಗಿಂದು ಒಂದರದು ಸೇರಿಸ್ಯಾರ ಅಂತ ಅನುಮಾನ ಪಡ್ರಿ.

ನನ್ನ ಪ್ರಕಾರ ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು, ಮಕ್ಕಳು ಪೆನ್ನಿನಿಂದ ರಾಕ್ಷಸನಿಗೆ ಮೀಸಿ ಬರೆದದ್ದು, "ಈ ಪುಸ್ತಕ ಕದ್ದವರಿಗೆ ಸರಸ್ವತಿ ಒಲಿಯೋದಿಲ್ಲ" ಅನ್ನೋ ಶಾಪ, ಇವೆಲ್ಲ ದೋಷ ಅಲ್ಲ. ಇದಕ್ಕ ಒಪ್ಪದವರು ಭಾಳ ಮಂದಿ ಅದಾರ, ಅವರ ಹತ್ರ ಅಂಥಾವು ಕಮ್ಮಿ ರೇಟಿಗೆ ಬರ್ತಾವ, ನನಗೇನೂ ತಕರಾರಿಲ್ಲ.

ಮನಿಗೆ ತಂದ ಮ್ಯಾಲೆ

ತಂದ ಕೂಡ್ಲೆ ಹಳೇವರ ಜೊತಿ ಸೇರಿಸಬ್ಯಾಡ್ರಿ. ಬೆಳ್ಳಿಹುಳ, ಗೆದ್ದಲಿನ ಮರಿ ಏನಾದ್ರೂ ಒಳಗಿದ್ರ ಎಲ್ಲಾದಕ್ಕೂ ಹತ್ಕೋತೈತಿ. ಅನುಮಾನ ಇದ್ರ ಪ್ಲಾಸ್ಟಿಕ್ ಚೀಲದಾಗ ಗಾಳಿ ತೆಗೆದು ಬಿಗಿ ಮುಚ್ಚಿ ಫ್ರಿಜ್ಜಿನ ಫ್ರೀಜರ್‌ನಾಗ ಎರಡು ಮೂರು ವಾರ ಇಡ್ರಿ, ಹುಳ ತತ್ತಿ ಎರಡೂ ಸಾಯ್ತಾವ. ಹೊರಗ ತೆಗೆದ ಮ್ಯಾಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬ್ಯಾಡ್ರಿ, ಇಲ್ಲಂದ್ರ ಹೊರಗಿನ ಹಸಿ ಹಾಳಿ ಮ್ಯಾಲೆ ಕುಂದ್ರತೈತಿ. ಫ್ರೀಜರ್‌ನಾಗ ಬಟಾಣಿ ಪಕ್ಕ ಕಸ್ತೂರಿ ಇಟ್ಟಿದ್ದಕ್ಕ ನಮ್ಮ ಮನಿಯವರು ಎರಡು ದಿನ ಮಾತಾಡಲಿಲ್ಲ, ಮೊದ್ಲ ಕೇಳಿ ಇಡ್ರಿ. ಬಿಸಿಲಿಗೆ ಒಣಗಿಸೋದು ಮಾತ್ರ ಬ್ಯಾಡ, ನಮ್ಮ ಬಿಸಿಲು ಹಪ್ಪಳಕ್ಕ ಸರಿ, ವಪಾನ ಕೆಂಪಿಗೆ ಅಲ್ಲ.

ಧೂಳಿಗೆ ದಾಡಿ ಬ್ರಷ್ ಹೊಸದು ಒಂದು ತಗೋರಿ, ಒಣಗಿದ್ದು, ಮಡಿಕಿಯಿಂದ ಹೊರಗ ಹೊರಗ ಒಂದೇ ದಿಕ್ಕಿಗೆ ಝಾಡಿಸ್ರಿ. ಬಳ್ಳಾರಿ ಸಂಡೂರು ಕಡೆಯ ಕೆಂಪು ಮಣ್ಣಿನ ಧೂಳು ಬೆರಳಿನಿಂದ ಒರೆಸಿದ್ರ ಹಾಳಿಯೊಳಗ ಇಳಿದುಬಿಡ್ತೈತಿ, ಹಸಿ ಬಟ್ಟಿ ಮುಟ್ಟಿಸಿದ್ರಂತೂ ಮುಗೀತು. ಮೂಗಿಗೆ ಮಾಸ್ಕ್ ಹಾಕ್ಕೋರಿ. ತುಕ್ಕು ಹಿಡಿದ ಪಿನ್ನನ್ನ ಎಳೀಬ್ಯಾಡ್ರಿ, ಹಾಳಿ ಹರಿತೈತಿ, ಒಳಗಿನ ಕಡೆಯಿಂದ ಅದರ ಕಾಲು ತೆಳು ಚಾಕುವಿನಿಂದ ನೆಟ್ಟಗ ಮಾಡಿ ನಿಧಾನ ಹೊರಗ ದೂಡ್ರಿ, ಅದೇ ತೂತಿನಾಗ ಹತ್ತಿ ದಾರ ಹಾಕಿ ಸಡ್ಲ ಗಂಟು.

ಹರಿದದ್ದಕ್ಕ ಸೆಲ್ಲೋ ಟೇಪ್ ಹಚ್ಚಬ್ಯಾಡ್ರಿ. ಕೆಲವು ವರ್ಷಕ್ಕ ಅದರ ಅಂಟು ಬೆಲ್ಲದ ಪಾಕದಂಗ ಕಂದಾಗಿ ಹಾಳಿಯೊಳಗ ಕುಂತು, ಟೇಪ್ ಉದುರಿ ಹೋದ್ರೂ ಕಲೆ ಹೋಗೋದಿಲ್ಲ. ಬೈಂಡರ್‌ನ ಅಂಟೂ ಬ್ಯಾಡ, ಹುಳ ಬರದಿರಲಿ ಅಂತ ಅದಕ್ಕ ಮೈಲುತುತ್ತ ಹಾಕಿರ್ತಾರ, ಅದು ಹಾಳಿ ಕೆಡಸ್ತೈತಿ. ಹರಿದದ್ದು ಹರಿದಂಗೇ ಇರಲಿ, ಚೂರು ಬಿದ್ರ ಒಂದು ಸಣ್ಣ ಲಕೋಟಿಯಾಗ ಹಾಕಿ ಅದೇ ಪುಸ್ತಕದ ಜೊತಿ ಇಡ್ರಿ.

ಇಡೋ ಜಾಗದ ವಿಚಾರ, ನಮ್ಮ ಕಡೆ ಇದೇ ದೊಡ್ಡ ತಲಿನೋವು. ಏಪ್ರಿಲ್ ಮೇದಾಗ ರಾಯಚೂರು ಬಳ್ಳಾರಿ ಎರಡೂ 40 ಡಿಗ್ರಿ ದಾಟ್ತಾವ. ಹಳೇ ಪತ್ರಿಕೆ ಹಾಳಿ ಕಟ್ಟಿಗಿ ಅರೆದು ಮಾಡಿದ್ದು, ಅದರಾಗ ಹುಳಿ ಐತಿ, ಕಾವು ಹೆಚ್ಚಾದಷ್ಟು ಅದು ಲಗೂನ ಕಂದಾಗಿ ಹಪ್ಪಳದಂಗ ಮುರಿತೈತಿ. ತಗಡಿನ ಕೆಳಗ, ಮ್ಯಾಲಿನ ಮಹಡಿಯಾಗ, ಬಿಸಿಲು ಬಡಿಯೋ ಪಡುವಣ ಗ್ವಾಡಿಗೆ ಇಡಬ್ಯಾಡ್ರಿ. ಕೆಳಗಿನ ಮನಿ, ಒಳಗಿನ ಗ್ವಾಡಿ, ನೆಲದಿಂದ ಒಂದು ಗೇಣು ಮ್ಯಾಲೆ, ಗ್ವಾಡಿಯಿಂದ ನಾಕು ಬೆರಳು ಈಚೆ, ಗೆದ್ದಲು ಬಂದ್ರ ಮಣ್ಣಿನ ಗೆರಿ ಕಣ್ಣಿಗೆ ಕಾಣಬೇಕು. ಮಾಳಿಗಿ ಮನಿ ಆದ್ರ ಕಂಬಕ್ಕ ಹಚ್ಚಿ ಇಡಲೇಬ್ಯಾಡ್ರಿ. ಮತ್ತ ಏರ್ ಕೂಲರ್, ಇದನ್ನ ಯಾರೂ ಹೇಳೋದಿಲ್ಲ ನೋಡ್ರಿ. ನೀರಿನ ಕೂಲರ್ ಬಿಟ್ಟ ಕ್ವಾಣಿಯಾಗ ಬ್ಯಾಸಿಗ್ಯಾಗೂ ಹಸಿ ತುಂಬಿರ್ತೈತಿ, ನಾನು ತಂಪಿರಲಿ ಅಂತ ಕೂಲರ್ ಮುಂದೇ ಟ್ರಂಕ್ ಇಟ್ಟು, ಜೂನ್‌ನಾಗ ತೆಗೆದು ನೋಡಿದ್ರ ಹನ್ನೊಂದು ಸುಧಾ ಒಂದಕ್ಕೊಂದು ಅಂಟಿ ಇಟ್ಟಿಗಿ ಆಗಿದ್ವು, ಮ್ಯಾಲೆ ಹಸರು ಬೂಜು.

ಸೀರಿ ಅಂಗಡಿಯ ಜಿಪ್ ಕವರ್ ನೋಡಾಕ ಚಂದ, ಆದ್ರ ಅದು ಸುಮಾರು ಸಲ ಪಿವಿಸಿ, ಕಾವಿಗೆ ಜಿಗುಟು ಬಿಟ್ಟು ಬಣ್ಣಕ್ಕ ಅಂಟ್ತೈತಿ. ಪಾಲಿಪ್ರೊಪಿಲೀನ್ ಕವರ್ ತಗೋರಿ, ಹೊಸ ಅಂಗಿ ಪ್ಯಾಕ್ ಮಾಡಾಕ ಬಳಸೋ ಸಳಸಳ ಸಪ್ಪಳ ಮಾಡೋದು ಸಾಮಾನ್ಯವಾಗಿ ಅದೇ, ಹೋಲ್‌ಸೇಲ್ ಅಂಗಡ್ಯಾಗ ಸಿಗ್ತೈತಿ. ಒಂದು ಕವರಿಗೆ ಒಂದೇ ಸಂಚಿಕೆ, ಬಾಯಿ ಪೂರ್ತಿ ಅಂಟಿಸಬ್ಯಾಡ್ರಿ. ಹಿಂದ ಆಸರಕ್ಕ ಹುಳಿ ಇಲ್ಲದ ಬೋರ್ಡು ಆನ್‌ಲೈನ್‌ನಾಗ ತರಿಸ್ರಿ, ಮಿಠಾಯಿ ಡಬ್ಬಿ ರಟ್ಟು ಹಾಕಿದ್ರ ಅದರ ಹುಳಿ ಇದಕ್ಕ ಇಳಿತೈತಿ. ಡಾಂಬರ್ ಗುಳಿಗಿ ಹಾಕೋದಾದ್ರ ಬಟ್ಟ್ಯಾಗ ಕಟ್ಟಿ ಪೆಟ್ಟಿಗಿ ಮೂಲ್ಯಾಗ, ಹಾಳಿಗೆ ತಾಗದಂಗ, ಮತ್ತ ನೀವು ಮಲಗೋ ಕ್ವಾಣಿಯಾಗ ಬ್ಯಾಡ. ಬೇವಿನ ಎಲಿ ಪೂರ್ತಿ ಒಣಗಿದ್ದಾದ್ರ ಅಡ್ಡಿಯಿಲ್ಲ, ಹಸಿದು ಕಲೆ ಬಿಡ್ತೈತಿ. ಮಳಿಗಾಲಕ್ಕ ಒಮ್ಮೆ, ಬ್ಯಾಸಿಗಿಗೆ ಒಮ್ಮೆ ಎಲ್ಲಾ ತೆಗೆದು ನೆರಳಿನಾಗ ಗಾಳಿಗೆ ಇಟ್ಟು ಒಂದೊಂದೇ ನೋಡ್ರಿ, ಆ ನೆಪದಾಗ ಓದೋದೂ ಆಕ್ಕೈತಿ.

ಕಡೀಗೆ ಒಂದು ನೋಟ್‌ಬುಕ್. ಪತ್ರಿಕೆ ಹೆಸರು, ತಿಂಗಳು, ವರ್ಷ, ಮುಖಪುಟ ಬರೆದವರು ಯಾರು, ಯಾವ ಊರಾಗ ಸಿಕ್ಕಿತು, ಎಷ್ಟು ಕೊಟ್ಟೆ, ಯಾವ ಪುಟ ಇಲ್ಲ. ಕವರಿನ ಒಳಗ ಒಂದು ಚೀಟಿಯಾಗ ನಂಬರ್ ಬರೆದು ಹಾಕ್ರಿ, ಅದೇ ನಂಬರ್ ನೋಟ್‌ಬುಕ್‌ನಾಗೂ ಇರಲಿ. ಪತ್ರಿಕೆ ಮ್ಯಾಲೆ ಏನೂ ಬರೀಬ್ಯಾಡ್ರಿ, ಚೀಟಿಗೂ ಪೆನ್ಸಿಲ್ಲೇ ಬಳಸ್ರಿ, ಬಾಲ್‌ಪೆನ್ನಿನ ಶಾಯಿ ನಮ್ಮ ಮೇ ತಿಂಗಳ ಕಾವಿಗೆ ಚೀಟಿ ದಾಟಿ ಮುಖಪುಟಕ್ಕ ಇಳಿದದ್ದು ನನ್ನ ಹತ್ರ ಒಂದೈತಿ, ರಾಜಕುಮಾರಿ ಗಲ್ಲದ ಮ್ಯಾಲೆ ನೀಲಿ 47 ಅಂತ.